ಒಂದು ಕುಲ, ಎರಡು ಪಟ್ಟಿ



ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡದಿಂದ ತೆಂಕಣ ದಿಕ್ಕಿಗೆ ಹೊರಟು, ಪತ್ತಿಕೊಂಡವನ್ನು ದಾಟಿ, ಗುತ್ತಿಯ ದಾರಿಯಲ್ಲಿ ಸಾಗುವವರಿಗೆ ಎರ್ರಗುಡಿಯ ಬಂಡೆಗಳು ಸಿಗುತ್ತವೆ. ಮೌರ್ಯ ಚಕ್ರವರ್ತಿಯಾದ ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೆತ್ತಿಸಿದ ಧರ್ಮಲಿಪಿಗಳು ಅಲ್ಲಿವೆ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಸಾರುವ ಹದಿಮೂರನೆಯ ಶಾಸನವೂ ಅವುಗಳಲ್ಲೊಂದು. ಆ ಶಾಸನದಲ್ಲಿ ಚಕ್ರವರ್ತಿಯು ತನ್ನ ರಾಜ್ಯದೊಳಗಿನ ಅಟವೀವಾಸಿಗಳನ್ನು ನೆನೆದು, ಅವರನ್ನು ಒಲಿಸಿಕೊಳ್ಳುವುದೇ ತನ್ನ ಇಚ್ಛೆಯೆಂದು ತಿಳಿಸಿ, ಆದರೆ ಪಶ್ಚಾತ್ತಾಪಪಡುವ ಅರಸನಿಗೆ ದಂಡಿಸುವ ಶಕ್ತಿಯೂ ಉಂಟೆಂಬುದನ್ನು ಅವರು ಮರೆಯಲಾಗದೆಂದು ಎಚ್ಚರಿಸುತ್ತಾನೆ. ನಮ್ಮ ಸೀಮೆಯ ಕಲ್ಲಿನ ಮೇಲೆ ಉಳಿದು ಬಂದಿರುವ ಅತ್ಯಂತ ಪ್ರಾಚೀನವಾದ ಬರಹಗಳಲ್ಲಿಯೇ, ಹೀಗೆ, ಕಾಡಿನ ಜನರನ್ನು ಕುರಿತು ರಾಜ್ಯವು ಆಡಿದ ಮಾತಿದೆ. ರಾಜ್ಯವನ್ನು ಕುರಿತು ಆ ಜನರು ಆಡಿದ ಮಾತು ಎಲ್ಲಿಯೂ ಇಲ್ಲ. ದೇಶದ ಸಂವಿಧಾನವನ್ನು ಬರೆಯುವ ಸಭೆಯೊಳಗೆ ತಮ್ಮವರೊಬ್ಬರು ಎದ್ದು ನಿಂತು ತಮ್ಮ ಪರವಾಗಿ ಮಾತನಾಡುವ ದಿನ ಬರುವುದಕ್ಕೆ ಆ ಜನರು ಇಪ್ಪತ್ತೆರಡು ಶತಮಾನಗಳ ಕಾಲ ಕಾಯಬೇಕಾಯಿತು.

ಆ ದಿನವು ಬಂದುದು 1946 ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ. ಸಂವಿಧಾನವನ್ನು ರಚಿಸುವುದಕ್ಕಾಗಿ ದೆಹಲಿಯಲ್ಲಿ ನೆರೆದ ಸಭೆಯಲ್ಲಿ, ಜವಾಹರಲಾಲ ನೆಹರೂ ಅವರು ಮಂಡಿಸಿದ ಧ್ಯೇಯನಿರ್ಣಯದ ಮೇಲೆ ಚರ್ಚೆ ನಡೆದಿದ್ದಾಗ, ಛೋಟಾನಾಗಪುರದ ಮುಂಡಾ ಕುಲಕ್ಕೆ ಸೇರಿದ ಜೈಪಾಲ್ ಸಿಂಗರು 19 ನೆಯ ತಾರೀಖು ಮಾತನಾಡಿದರು. ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮಾಡಿದವರೂ, 1928 ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕವನ್ನು ಗೆದ್ದ ಭಾರತೀಯ ಹಾಕಿ ತಂಡಕ್ಕೆ ನಾಯಕರಾಗಿದ್ದವರೂ ಆದ ಆ ಮಹನೀಯರು, ತಾವು ಜಂಗಲಿಯೆಂದು ಕರೆಯಿಸಿಕೊಳ್ಳುವುದಕ್ಕೆ ಎಳ್ಳಷ್ಟೂ ಸಂಕೋಚಪಡದೆ, ತಮ್ಮ ಜನರಿಗೆ ಪ್ರಜಾಸತ್ತೆಯ ಪಾಠವನ್ನು ಯಾರೂ ಹೇಳಬೇಕಾಗಿಲ್ಲವೆಂದೂ, ಆ ಪಾಠವನ್ನು ಉಳಿದವರೇ ಅವರಿಂದ ಕಲಿಯಬೇಕಾಗಿರುವುದೆಂದೂ ಸಭೆಗೆ ತಿಳಿಸಿದರು. ತಮ್ಮ ಜನರ ಚರಿತ್ರೆಯು ನೆಲವನ್ನು ಕಳೆದುಕೊಂಡವರ ಚರಿತ್ರೆಯೆಂದು ಹೇಳಿದ ಮೇಲೆಯೂ, ಹುಟ್ಟಲಿರುವ ಗಣರಾಜ್ಯದ ಮಾತನ್ನು ತಾವು ನಂಬುವೆವೆಂದು ಅವರು ವಚನವಿತ್ತರು. ಆ ನಂಬುಗೆಯನ್ನು ರಾಜ್ಯಾಂಗವು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆಯೆಂಬುದನ್ನು ಬೇರೆಲ್ಲಿಯೋ ಹುಡುಕದೆ, ದೇವನಕೊಂಡದ ನೆಲದಲ್ಲಿಯೇ ನಿಂತು ಪರೀಕ್ಷಿಸುವುದು ಇಂದಿನ ಈ ಭಾಷಣದ ಉದ್ದೇಶ.

ಮೊದಲು ಸಂವಿಧಾನದ ಕ್ರಮವನ್ನು ಅರಿತುಕೊಳ್ಳೋಣ. ಯಾವ ಯಾವ ಬುಡಕಟ್ಟುಗಳು, ಅಥವಾ ಬುಡಕಟ್ಟುಗಳ ಯಾವ ಯಾವ ಭಾಗಗಳು ಪರಿಶಿಷ್ಟ ಪಂಗಡಗಳೆಂಬುದನ್ನು 342 ನೆಯ ವಿಧಿಯ ಮೇರೆಗೆ ರಾಷ್ಟ್ರಪತಿಗಳು ಆಯಾ ರಾಜ್ಯಕ್ಕೆ ಪ್ರತ್ಯೇಕವಾಗಿ ಪ್ರಕಟಿಸತಕ್ಕದ್ದು. ಒಮ್ಮೆ ಪ್ರಕಟವಾದ ಪಟ್ಟಿಗೆ ಹೆಸರನ್ನು ಕೂಡಿಸುವುದಕ್ಕಾಗಲಿ ಅದರಿಂದ ಕಳೆಯುವುದಕ್ಕಾಗಲಿ ಸಂಸತ್ತಿನ ಶಾಸನವೊಂದಕ್ಕೇ ಅಧಿಕಾರ. 1950 ನೆಯ ಇಸವಿಯ ಸೆಪ್ಟೆಂಬರ್ 6 ರಂದು ಮೊದಲ ಪಟ್ಟಿಯು ಹೊರಟಿತು. ಆ ಪಟ್ಟಿಯಲ್ಲಿರುವ ಜನರ ಸಂಖ್ಯೆಗೆ ಅನುಗುಣವಾಗಿ 330 ನೆಯ ವಿಧಿಯು ಲೋಕಸಭೆಯಲ್ಲಿಯೂ, 332 ನೆಯ ವಿಧಿಯು ವಿಧಾನಸಭೆಗಳಲ್ಲಿಯೂ ಸ್ಥಾನಗಳನ್ನು ಕಾದಿರಿಸುತ್ತವೆ. ಹತ್ತು ವರ್ಷಗಳಿಗೆಂದು ಆರಂಭವಾದ ಈ ಏರ್ಪಾಡು ಮತ್ತೆ ಮತ್ತೆ ವಿಸ್ತರಿಸಲ್ಪಟ್ಟು, 2019 ರ 104 ನೆಯ ತಿದ್ದುಪಡಿಯಿಂದ 2030 ರ ಜನವರಿಯವರೆಗೆ ನಿಂತಿದೆ. ಆದುದರಿಂದ ಪಟ್ಟಿಯಲ್ಲಿ ಹೆಸರಿರುವುದೆಂದರೆ ವಿದ್ಯಾರ್ಥಿವೇತನವೂ ಉದ್ಯೋಗದ ಪಾಲೂ ದೊರೆಯುವುದೆಂದಷ್ಟೇ ಅರ್ಥವಲ್ಲ. ದೇಶದ ಕಾನೂನನ್ನು ಮಾಡುವ ಮನೆಯಲ್ಲಿ ಒಂದು ಆಸನವಿರುವುದೆಂದೂ ಅರ್ಥ.

ಇನ್ನು ನಮ್ಮ ಸೀಮೆಯ ಕಡೆಗೆ ಬರೋಣ. ಆದವಾನಿ, ಆಲೂರು, ಪತ್ತಿಕೊಂಡ, ದೇವನಕೊಂಡಗಳ ಸುತ್ತಣ ಊರುಗಳಲ್ಲಿ, ತೆಲುಗಿನಲ್ಲಿ ಬೋಯರೆಂದೂ ಕನ್ನಡದಲ್ಲಿ ಬೇಡರೆಂದೂ ಕರೆಯಿಸಿಕೊಳ್ಳುವ, ತಮ್ಮನ್ನು ವಾಲ್ಮೀಕಿ ಮಹರ್ಷಿಯ ಕುಲದವರೆಂದು ಭಾವಿಸುವ ಜನರು ಬಹುಸಂಖ್ಯೆಯಲ್ಲಿದ್ದಾರೆ. ಮಳೆಯನ್ನೇ ನಂಬಿದ ಎರೆಹೊಲಗಳಲ್ಲಿ ಹತ್ತಿ, ಸೇಂಗಾ ಬೆಳೆಯುವವರು ಅವರು. ಮಳೆ ಕೈಕೊಟ್ಟ ವರ್ಷ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಗಳಿಗೂ ಮಕ್ಕಳುಮರಿಗಳೊಡನೆ ಗುಳೆ ಹೋಗುವವರೂ ಅವರೇ. 1909 ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಅವರು ಈ ಕುಲದಲ್ಲಿ ಊರು, ಮ್ಯಾಸ ಎಂಬ ಎರಡು ಪಂಗಡಗಳಿರುವುದನ್ನು ದಾಖಲಿಸಿದಾಗ, ಆದವಾನಿ ಮತ್ತು ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಳಗೇ ಇದ್ದುವು. ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಯ ಬೇಡರಲ್ಲಿಯೂ ಇವೇ ಎರಡು ಪಂಗಡಗಳು ಇಂದಿಗೂ ಇವೆ.

ರಾಜ್ಯಗಳ ಗಡಿಗಳು ಬಂದುದು ಆಮೇಲೆ. ಪತ್ತಿಕೊಂಡವು ಅದಕ್ಕೂ ಮುಂಚೆ, 1858 ರಲ್ಲಿಯೇ, ಬಳ್ಳಾರಿಯ ಆಡಳಿತದಿಂದ ಬೇರ್ಪಟ್ಟು ಕರ್ನೂಲು ಜಿಲ್ಲೆಗೆ ಸೇರಿತು. 1953 ನೆಯ ಇಸವಿಯ ಅಕ್ಟೋಬರ್ 1 ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದುವು. ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ, ಸಂಡೂರು ಮೊದಲಾದುವು ಮೈಸೂರಿಗೆ ಸಂದುವು. ಭಾಷೆಯ ಬಹುಮತವನ್ನೂ ಆಡಳಿತದ ಅನುಕೂಲವನ್ನೂ ನೋಡಿ ಎಳೆದ ಈ ಗೆರೆಯು ಒಂದು ಕುಲವನ್ನು ನಡುವೆ ಸೀಳಿಕೊಂಡು ಹೋಗುತ್ತಿದೆಯೆಂಬುದನ್ನು ಆಗ ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ಹೊಲದ ನಡುವೆ ಬದುವನ್ನು ಹಾಕಿದ ಮಾತ್ರಕ್ಕೆ ಅತ್ತಣ ಎರೆಮಣ್ಣಿಗೂ ಇತ್ತಣ ಎರೆಮಣ್ಣಿಗೂ ಗುಣಭೇದವುಂಟಾಗದಷ್ಟೆ. ಆದರೆ ಕಾನೂನಿನ ಕಣ್ಣಿಗೆ ಈ ಜನರು ಎರಡು ಬಗೆಯವರಾಗಿ ಹೋದರು.

ಗಡಿಯ ಪಶ್ಚಿಮದಲ್ಲಿ ಆದುದನ್ನು ನೋಡಿ. 1976 ರ ಶಾಸನವು ಪಟ್ಟಿಗಳಿಗೆ ಅಂಟಿಕೊಂಡಿದ್ದ ಪ್ರದೇಶನಿರ್ಬಂಧಗಳನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಅದರ ಪರಿಣಾಮವಾಗಿ, 1971 ರಲ್ಲಿ ಸುಮಾರು 2 ಲಕ್ಷ 31 ಸಾವಿರವಿದ್ದ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆಯು 1981 ರಲ್ಲಿ 18 ಲಕ್ಷ 25 ಸಾವಿರವನ್ನು ಮುಟ್ಟಿತು. ಇಂಥ ವೃದ್ಧಿಯು ತೊಟ್ಟಿಲುಗಳಿಂದ ಬರತಕ್ಕುದಲ್ಲ. ಅದು ಕಾಯಿದೆಯ ಪುಟದಿಂದ ಬಂದುದು. 1991 ರಲ್ಲಿ ಸಂಸತ್ತು ಆ ಪಟ್ಟಿಯ ನಾಯಕ ಎಂಬ ಬುಡಕಟ್ಟಿನ ನಮೂದಿನೊಳಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನೂ ಸೇರಿಸಿತು. 2020 ರಲ್ಲಿ ತಳವಾರ, ಪರಿವಾರಗಳು ಸೇರಿದುವು. ಈಗ ಕರ್ನಾಟಕದ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಸ್ಥಾನಗಳು 15. ಆದವಾನಿಗೆ ನೆರೆಯಾದ ಸಿರುಗುಪ್ಪವು ಅವುಗಳಲ್ಲೊಂದು. ಕಂಪ್ಲಿ, ಸಂಡೂರು, ಕೂಡ್ಲಿಗಿ, ಬಳ್ಳಾರಿ ಗ್ರಾಮಾಂತರಗಳೂ ಹಾಗೆಯೇ. ಲೋಕಸಭೆಗೆ ಬಳ್ಳಾರಿ, ರಾಯಚೂರು ಎರಡೂ ಮೀಸಲು ಕ್ಷೇತ್ರಗಳು.

ಗಡಿಯ ಪೂರ್ವದಲ್ಲಿಯೋ, ಆಂಧ್ರಪ್ರದೇಶದ ಪಟ್ಟಿಯಲ್ಲಿ ವಾಲ್ಮೀಕಿ ಎಂಬ ಹೆಸರು ಇಲ್ಲದೆ ಇಲ್ಲ. ಆದರೆ ಅದು ಶ್ರೀಕಾಕುಳಂ, ವಿಜಯನಗರಂ, ವಿಶಾಖಪಟ್ಟಣ, ಪೂರ್ವ ಮತ್ತು ಪಶ್ಚಿಮ ಗೋದಾವರಿಗಳ ಅನುಸೂಚಿತ ಪ್ರದೇಶಗಳಲ್ಲಿ ವಾಸಿಸುವವರಿಗೆ ಮಾತ್ರ ಅನ್ವಯಿಸುವುದು. ನಮ್ಮ ಸೀಮೆಯನ್ನೊಳಗೊಂಡ ರಾಯಲಸೀಮೆಯ ಬೋಯರು ಹಿಂದುಳಿದ ವರ್ಗಗಳ ‘ಎ’ ಗುಂಪಿನಲ್ಲಿದ್ದಾರೆ. ಆ ಗುಂಪಿಗೆ ಸರ್ಕಾರವೇ ಇತ್ತಿರುವ ಶಿರೋನಾಮೆಯಾದರೋ ಆದಿಮ ಬುಡಕಟ್ಟುಗಳು, ವಿಮುಕ್ತ ಜಾತಿಗಳು, ಅಲೆಮಾರಿಗಳು ಮತ್ತು ಅರೆ ಅಲೆಮಾರಿಗಳು ಎಂದು. ಅಂದರೆ ಇವರು ಬುಡಕಟ್ಟಿನವರೆಂಬುದನ್ನು ರಾಜ್ಯವು ಒಂದು ಕಾಗದದಲ್ಲಿ ಒಪ್ಪಿಕೊಂಡು, ಆ ಒಪ್ಪಿಗೆಯಿಂದ ರಾಜ್ಯಾಂಗದ ಹಕ್ಕು ಹುಟ್ಟಬಹುದಾದ ಇನ್ನೊಂದು ಕಾಗದದಲ್ಲಿ ಅದನ್ನು ಬಿಟ್ಟಿದೆ. ಆಂಧ್ರದ 175 ವಿಧಾನಸಭಾ ಸ್ಥಾನಗಳಲ್ಲಿ ಪರಿಶಿಷ್ಟ ಪಂಗಡಗಳಿಗೆ 7 ಸ್ಥಾನಗಳು ಮೀಸಲಾಗಿವೆ: ಪಾಲಕೊಂಡ, ಕುರುಪಾಂ, ಸಾಲೂರು, ಅರಕು, ಪಾಡೇರು, ರಂಪಚೋಡವರಂ, ಪೋಲವರಂ. ಅವುಗಳಲ್ಲಿ ರಾಯಲಸೀಮೆಗೆ ಸೇರಿದುದು ಒಂದೂ ಇಲ್ಲ.

ಸಂಸಾರದ ಮಟ್ಟಕ್ಕೆ ಇಳಿದು ನೋಡಿದರೆ ಇದರ ವೈಷಮ್ಯವು ಇನ್ನೂ ಸ್ಪಷ್ಟವಾಗುವುದು. ಈ ಸೀಮೆಯ ಹೆಣ್ಣುಮಗಳನ್ನು ಸಿರುಗುಪ್ಪದ ಕಡೆಗೆ ಕೊಟ್ಟರೆ ಅವಳ ಮಕ್ಕಳು ತಂದೆಯ ಕುಲವನ್ನನುಸರಿಸಿ ಪರಿಶಿಷ್ಟ ಪಂಗಡದವರೆನಿಸುವರು. ಇತ್ತ ತವರಿನಲ್ಲಿರುವ ಅವಳ ಅಣ್ಣನ ಮಕ್ಕಳು ಹಿಂದುಳಿದ ವರ್ಗದವರಾಗಿ ಉಳಿಯುವರು. ಸೋದರತ್ತೆಯ ಮಗನೂ ಸೋದರಮಾವನ ಮಗನೂ ಒಂದೇ ದೇವರಿಗೆ ನಡೆದುಕೊಂಡು, ಒಂದೇ ಮನೆಯ ಹಬ್ಬದೂಟವನ್ನುಂಡು, ಪರೀಕ್ಷೆಯ ಅರ್ಜಿಯನ್ನು ತುಂಬುವಾಗ ಮಾತ್ರ ಎರಡು ಬೇರೆ ಬೇರೆ ಕುಲದವರಾಗುವರು. ಅತ್ತ ಹೋಗಿ ನೆಲೆಸಿದರೆ ಅನುಕೂಲವಾದೀತೆಂದರೆ ಅದೂ ಸಾಧ್ಯವಿಲ್ಲ. ಒಂದು ರಾಜ್ಯದಲ್ಲಿ ಪಡೆದ ಸ್ಥಾನವು ವಲಸೆ ಹೋದವನ ಬೆನ್ನ ಹಿಂದೆ ಮತ್ತೊಂದು ರಾಜ್ಯಕ್ಕೆ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 1990 ರಲ್ಲಿಯೇ ತೀರ್ಮಾನಿಸಿದೆ. ಇದು ಬೋಯರೊಬ್ಬರ ಸಂಕಟವೂ ಅಲ್ಲ. ಇಲ್ಲಿ ಪರಿಶಿಷ್ಟ ಪಂಗಡದವರಾದ ಸುಗಾಲಿಗಳು ಕರ್ನಾಟಕದಲ್ಲಿ ಲಂಬಾಣಿಗಳೆಂಬ ಹೆಸರಿನಿಂದ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ.

ಈ ಭೇದವು ಹುಟ್ಟಿದುದು ಹೇಗೆ? ಉತ್ತರವು 1950 ಕ್ಕಿಂತ ಬಹಳ ಹಿಂದೆ, ಕಂಪನಿ ಸರ್ಕಾರದ ಕಾಲದಲ್ಲಿದೆ. ಪೂರ್ವಘಟ್ಟಗಳ ಬುಡಕಟ್ಟುಗಳನ್ನು ಸಾಮಾನ್ಯ ಕಾನೂನಿನಿಂದ ಆಳಲಾಗದೆಂದು ಕಂಡಾಗ, 1839 ರ ಗಂಜಾಂ ಮತ್ತು ವಿಶಾಖಪಟ್ಟಣ ಕಾಯಿದೆಯ ಮೂಲಕ ಅಲ್ಲಿಯ ಕಲೆಕ್ಟರರಿಗೆ ಗವರ್ನರರ ಏಜೆಂಟನೆಂಬ ವಿಶೇಷಾಧಿಕಾರವನ್ನು ಕೊಡಲಾಯಿತು. ಅಂದಿನಿಂದ ಆ ಬೆಟ್ಟಸೀಮೆಗೆ ಏಜೆನ್ಸಿ ಎಂಬ ಹೆಸರು ನಿಂತಿತು. ಆದರೆ 1800 ರಲ್ಲಿ ನಿಜಾಮರಿಂದ ಕಂಪನಿಗೆ ದತ್ತವಾದ ನಮ್ಮ ಸೀಮೆಗೆ ಕಲೆಕ್ಟರರಾಗಿ ಬಂದ ಥಾಮಸ್ ಮನ್ರೋ ಅವರು ಹಿಡಿದ ದಾರಿಯೇ ಬೇರೆ. ಪಾಳೆಯಗಾರರ ಬಲವನ್ನು ಮುರಿದು, ಹೊಲಹೊಲವನ್ನೂ ಅಳೆಯಿಸಿ, ರೈತನೊಬ್ಬೊಬ್ಬನಿಂದಲೂ ನೇರವಾಗಿ ಕಂದಾಯವನ್ನೆತ್ತುವ ರೈತವಾರಿ ಪದ್ಧತಿಯನ್ನು ಅವರು ಇಲ್ಲಿ ನೆಲೆಗೊಳಿಸಿದರು. 1827 ರಲ್ಲಿ ಮದರಾಸಿನ ಗವರ್ನರರಾಗಿ ಸಂಚಾರದಲ್ಲಿದ್ದಾಗ ಅವರು ವಾಂತಿಭೇದಿಯಿಂದ ತೀರಿಕೊಂಡುದೂ ಈ ಪತ್ತಿಕೊಂಡದಲ್ಲಿಯೇ. ಪಾಳೆಯಗಾರರ ದಂಡಿನಲ್ಲಿ ಬಿಲ್ಲು, ಈಟಿ ಹಿಡಿದು ನಿಂತಿದ್ದ ಬೇಡರು, ಕಟ್ಟುಬಡಿಗಳೂ ತಳವಾರರೂ ಆಗಿ ಊರನ್ನು ಕಾಯುತ್ತಿದ್ದವರು, ಕಾಲಕ್ರಮದಲ್ಲಿ ಆಯುಧವನ್ನೂ ಇನಾಮನ್ನೂ ಕಳೆದುಕೊಂಡು ಕಂದಾಯದ ಚಿಟ್ಟಾದಲ್ಲಿ ಸಾಮಾನ್ಯ ರೈತರಾಗಿ, ಇಲ್ಲವೆ ಕೂಲಿಯವರಾಗಿ ಕಾಣಿಸಿಕೊಂಡರು. ಬೆಟ್ಟದವರನ್ನು ಕಂಪನಿಯು ಪ್ರತ್ಯೇಕವಾಗಿಟ್ಟಿತು. ಬಯಲಿನವರನ್ನು ಕಂದಾಯದ ಲೆಕ್ಕದೊಳಗೆ ಕರಗಿಸಿತು. ನೂರು ವರ್ಷಗಳ ತರುವಾಯ ಸ್ವತಂತ್ರ ಭಾರತವು ಪಟ್ಟಿಯನ್ನು ಬರೆಯಲು ಕುಳಿತಾಗ ಕುಲದ ಚರಿತ್ರೆಗಿಂತ ಹೆಚ್ಚಾಗಿ ಏಜೆನ್ಸಿಯ ಹಳೆಯ ಗೆರೆಯೇ ಪ್ರಮಾಣವಾಯಿತು.

ಈ ಅನ್ಯಾಯವನ್ನು ಸರಿಪಡಿಸಬೇಕೆಂಬ ಕೂಗು ಹೊಸತಲ್ಲ. ಆಂಧ್ರದ ವಿಧಾನಸಭೆಯು 2017 ರ ಡಿಸೆಂಬರಿನಲ್ಲಿ ಒಮ್ಮೆ, 2023 ರ ಮಾರ್ಚಿನಲ್ಲಿ ಮತ್ತೊಮ್ಮೆ, ಎರಡು ಬೇರೆ ಬೇರೆ ಪಕ್ಷಗಳ ಆಳ್ವಿಕೆಯಲ್ಲಿ, ಬೋಯ ವಾಲ್ಮೀಕಿಗಳನ್ನು ಪರಿಶಿಷ್ಟ ಪಂಗಡಗಳಿಗೆ ಸೇರಿಸಬೇಕೆಂದು ನಿರ್ಣಯಿಸಿ ಕೇಂದ್ರಕ್ಕೆ ಕಳುಹಿಸಿತು. ರಾಜ್ಯದ ಶಿಫಾರಸು ಬಂದ ಮೇಲೆ ಭಾರತದ ರಿಜಿಸ್ಟ್ರಾರ್ ಜನರಲ್ ಅವರೂ, ಅನಂತರ ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗವೂ ಅದನ್ನೊಪ್ಪಬೇಕು. ಆಮೇಲಷ್ಟೇ ಮಸೂದೆಯು ಸಂಸತ್ತಿನ ಮುಂದೆ ಬರುವುದು. ಅವರು ಹಿಡಿಯುವ ಅಳತೆಗೋಲಾದರೋ 1965 ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಪರರ ಸಂಪರ್ಕಕ್ಕೆ ಹಿಂಜರಿಕೆ, ಹಿಂದುಳಿದಿರುವಿಕೆ. ಕಾಡಿನಿಂದ ಬಯಲಿಗೆ ತರಲ್ಪಟ್ಟು, ತೆರಿಗೆಯ ಬಲೆಯಲ್ಲಿ ಸಿಕ್ಕಿದ ಜನರನ್ನು ಭೌಗೋಳಿಕ ಪ್ರತ್ಯೇಕತೆ ಇಲ್ಲವೆಂಬ ಕಾರಣದಿಂದ ಹೊರಗಿಡುವುದು, ಅವರು ಕಳೆದುಕೊಂಡುದನ್ನೇ ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದಂತೆ.

ಇಷ್ಟನ್ನು ಹೇಳಿದ ಮೇಲೆ, ಎದುರುಪಕ್ಷದ ಮಾತನ್ನು ಪೂರ್ಣವಾಗಿ ಕೇಳದೆ ಮುಂದುವರಿಯುವುದು ಧರ್ಮವಲ್ಲ. ಏಜೆನ್ಸಿಯ ಕೋಯರು, ಕೊಂಡದೊರೆಗಳು, ಸವರರು, ಜಾತಾಪುಗಳು, ಕೊಂಡರೆಡ್ಡಿಗಳು ಈ ನಿರ್ಣಯಗಳನ್ನು ಪ್ರತಿಭಟಿಸಿದ್ದಾರೆ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಗಳಿಗಿರುವ ಪಾಲು ಶೇಕಡಾ 6. ಬಯಲಿನ ಒಂದು ದೊಡ್ಡ ಸಮುದಾಯವು ಅದರೊಳಗೆ ಬಂದರೆ ಬೆಟ್ಟದ ಸಣ್ಣ ಸಣ್ಣ ಕುಲಗಳಿಗೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಬೋಯರಲ್ಲಿ ಸಾಮಾನ್ಯ ಕ್ಷೇತ್ರಗಳಿಂದಲೇ ಗೆದ್ದು ಶಾಸನಸಭೆಗೂ ಮಂತ್ರಿಮಂಡಲಕ್ಕೂ ಹೋದವರುಂಟು. ನಲ್ಲಮಲದ ಚೆಂಚುಗಳು ಅಂಥ ಗೆಲವನ್ನು ಕನಸಿನಲ್ಲಿಯೂ ಕಾಣಲಾರರು. ಕರ್ನಾಟಕದ ಅನುಭವವೂ ಈ ಭಯವನ್ನು ಸಮರ್ಥಿಸುತ್ತದೆ. 2011 ರ ಜನಗಣತಿಯಂತೆ ಅಲ್ಲಿಯ ಪರಿಶಿಷ್ಟ ಪಂಗಡಗಳಲ್ಲಿ ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚಿನವರು ನಾಯಕರು. 15 ಮೀಸಲು ಸ್ಥಾನಗಳಿಂದ ಆರಿಸಿ ಬರುವವರೂ ಬಹುಮಟ್ಟಿಗೆ ಅವರೇ. ಜೇನುಕುರುಬರು, ಸೋಲಿಗರು, ಕೊರಗರು ಆ ಮಾರ್ಗದಲ್ಲಿ ವಿಧಾನಸಭೆಯ ಬಾಗಿಲನ್ನು ಮುಟ್ಟುವುದು ದುಸ್ತರವಾಗಿದೆ. 2020 ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿ ಸಿದ್ದಿ ಸಮುದಾಯದ ಮೊದಲ ಶಾಸಕರೆನಿಸಿದುದು ನಾಮಕರಣದಿಂದಲೇ ಹೊರತು ಚುನಾವಣೆಯಿಂದಲ್ಲ. ಪಟ್ಟಿಯಲ್ಲಿ ಹೆಸರು ಬಂದಮಾತ್ರಕ್ಕೆ ಸಭೆಯಲ್ಲಿ ದನಿ ಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹಾಗಾದರೆ ಒಬ್ಬರಿಗೆ ನ್ಯಾಯ ದೊರೆಯಬೇಕಾದರೆ ಮತ್ತೊಬ್ಬರಿಗೆ ಅನ್ಯಾಯವಾಗಲೇಬೇಕೆ? ಹೊರಗಣ ಪ್ರಪಂಚದ ಕಡೆಗೆ ಒಂದು ಕ್ಷಣ ದೃಷ್ಟಿ ಹಾಯಿಸೋಣ. ನ್ಯೂಜಿಲೆಂಡಿನಲ್ಲಿ 1867 ರಷ್ಟು ಹಿಂದೆಯೇ ಮಾವೊರಿ ಮೂಲನಿವಾಸಿಗಳಿಗಾಗಿ ಪಾರ್ಲಿಮೆಂಟಿನಲ್ಲಿ 4 ಸ್ಥಾನಗಳನ್ನು ಪ್ರತ್ಯೇಕಿಸಿದರು. ನೂರಕ್ಕೂ ಹೆಚ್ಚು ವರ್ಷ ಆ ಸಂಖ್ಯೆಯು ಜಗ್ಗದೆ ನಿಂತಿತ್ತು. 1993 ರ ಕಾನೂನಿನಿಂದ ಅದು ಮಾವೊರಿ ಮತದಾರರ ಪಟ್ಟಿಯೊಡನೆ ಏರಿಳಿಯುವಂತಾದ ಮೇಲೆ ಕ್ರಮೇಣ 7 ಕ್ಕೆ ಏರಿತು. ಆಸ್ಟ್ರೇಲಿಯದಲ್ಲಿಯಾದರೋ, ಮೂಲನಿವಾಸಿಗಳ ಸಲಹಾಮಂಡಲಿಯೊಂದನ್ನು ಸಂವಿಧಾನದಲ್ಲಿ ನೆಲೆಗೊಳಿಸುವ ಪ್ರಸ್ತಾಪವನ್ನು 2023 ರ ಅಕ್ಟೋಬರ್ 14 ರ ಜನಮತವು ತಿರಸ್ಕರಿಸಿತು. ಆರು ರಾಜ್ಯಗಳಲ್ಲಿ ಒಂದಾದರೂ ಒಪ್ಪಲಿಲ್ಲ. ನಮ್ಮ ದೇಶದ ಹಿರಿಯರು ಈ ಹಕ್ಕನ್ನು ಬಹುಸಂಖ್ಯಾತರ ಮರ್ಜಿಗೆ ಬಿಡದೆ ಮೂಲಗ್ರಂಥದಲ್ಲಿಯೇ ಬರೆದಿಟ್ಟುದು ಎಂಥ ದೂರದೃಷ್ಟಿಯ ಕಾರ್ಯವೆಂಬುದು ಇದರಿಂದ ತಿಳಿಯುವುದು. ಜನಸಂಖ್ಯೆಯು ಬೆಳೆದಂತೆ ಸ್ಥಾನವೂ ಬೆಳೆಯಬೇಕೆಂಬ ನ್ಯೂಜಿಲೆಂಡಿನ ತತ್ತ್ವವು ನಮ್ಮ 332 ನೆಯ ವಿಧಿಯಲ್ಲಿಯೂ ಇದೆ. ಆದರೆ ಕ್ಷೇತ್ರಗಳ ಪುನರ್ವಿಂಗಡಣೆಯಾಗುವವರೆಗೆ ಅದು ನಿದ್ರಿಸುತ್ತಿರುತ್ತದೆ.

ಅದು ಎಚ್ಚರಗೊಳ್ಳುವ ಸಮಯವು ಸಮೀಪಿಸಿದೆಯೆಂಬುದೇ ನಾನು ಈ ವಿಷಯವನ್ನು ಇಂದು ಆರಿಸಿಕೊಳ್ಳಲು ಕಾರಣ. 2001 ರ 84 ನೆಯ ತಿದ್ದುಪಡಿಯು ಸ್ಥಾನಗಳ ಮರುಹಂಚಿಕೆಯನ್ನು 2026 ರ ಅನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿತ್ತು. ಈಗ 2027 ರ ಜನಗಣತಿಯು ಗೊತ್ತಾಗಿದೆ. 1931 ರ ತರುವಾಯ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಅದರಲ್ಲಿ ನಡೆಯಲಿದೆ. ಬೋಯರ ಪ್ರಶ್ನೆಯನ್ನು ಸಂಸತ್ತು ತೀರ್ಮಾನಿಸುವುದಾದರೆ ಪುನರ್ವಿಂಗಡಣೆಗೆ ಮುಂಚೆಯೇ ತೀರ್ಮಾನಿಸಬೇಕು. ಆಗ ಬಯಲಿನವರ ಸಂಖ್ಯೆಗೆ ತಕ್ಕ ಹೊಸ ಸ್ಥಾನಗಳು ರಾಯಲಸೀಮೆಯಲ್ಲಿಯೇ ಹುಟ್ಟುವುವು; ಬೆಟ್ಟದವರ 7 ಸ್ಥಾನಗಳಿಗೆ ಕೈಹಾಕುವ ಅಗತ್ಯವೇ ಬಾರದು. ಪುನರ್ವಿಂಗಡಣೆಯು ಮುಗಿದ ಮೇಲೆ ಸೇರಿಸಿದರೆ, ಹೊಸಬರೂ ಹಳಬರೂ ಅವೇ ಸ್ಥಾನಗಳಿಗಾಗಿ ಹೋರಾಡಬೇಕಾಗಿ ಬಂದು, ದುರ್ಬಲರೇ ಸೋಲುವರು.

ಉದ್ಯೋಗ ಮತ್ತು ವಿದ್ಯೆಯ ಪಾಲಿನ ವಿಷಯದಲ್ಲಿಯೂ ದಾರಿಯಿದೆ. ಕರ್ನಾಟಕವು 2022 ರಲ್ಲಿ ಪರಿಶಿಷ್ಟ ಪಂಗಡಗಳ ಪಾಲನ್ನು ಶೇಕಡಾ 3 ರಿಂದ 7 ಕ್ಕೆ ಏರಿಸಿತು. ಸೇರ್ಪಡೆಯೊಡನೆ ಪಾಲೂ ಬೆಳೆಯಬೇಕೆಂಬ ನಿಯಮವನ್ನು ಆಂಧ್ರವೂ ಅಂಗೀಕರಿಸಬೇಕು. ಒಟ್ಟು ಮೀಸಲಾತಿಗಿರುವ ಶೇಕಡಾ 50 ರ ಮಿತಿಯು ಅಡ್ಡಬರುವುದೆಂಬುದು ನಿಜ; ಆದರೆ ಬೋಯರು ‘ಎ’ ಗುಂಪಿನಿಂದ ಹೊರಟಾಗ ಅವರೊಡನೆ ಅವರ ಅಂಶವನ್ನೂ ಈ ಕಡೆಗೆ ವರ್ಗಾಯಿಸಿದರೆ ಒಟ್ಟು ಮೊತ್ತವು ಹೆಚ್ಚಬೇಕಾಗಿಲ್ಲ. ಪಟ್ಟಿಯೊಳಗೆ ಸಮಾನರಲ್ಲದವರಿಗೆ ಒಳಪಾಲನ್ನು ಗೊತ್ತುಮಾಡುವುದು ಸಂವಿಧಾನಬಾಹಿರವಲ್ಲವೆಂದು 2024 ರ ಆಗಸ್ಟ್ 1 ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು ಪರಿಶಿಷ್ಟ ಜಾತಿಗಳ ಮೊಕದ್ದಮೆಯಲ್ಲಿ ಹೇಳಿದೆ. ಅದೇ ನ್ಯಾಯವನ್ನು ಇಲ್ಲಿಯೂ ಅನುಸರಿಸಿ, ಏಜೆನ್ಸಿಯ ಕುಲಗಳಿಗೂ ಚೆಂಚುಗಳಂಥ ಅಲ್ಪಸಂಖ್ಯೆಯವರಿಗೂ ಮುಟ್ಟಲಾಗದ ಪ್ರತ್ಯೇಕ ಅಂಶವನ್ನು ಮೊದಲೇ ಕಾದಿರಿಸಿ, ಆಮೇಲೆ ಬೋಯರನ್ನು ಸೇರಿಸುವುದು ಉಚಿತವಾದ ಕ್ರಮ.

ಕೊನೆಯದಾಗಿ, ಈ ಸೀಮೆಯ ಬೋಯ ಬಂಧುಗಳಿಗೂ ಅವರ ನಾಯಕರಿಗೂ ಎರಡು ಮಾತು. ನಿಮ್ಮ ಬೇಡಿಕೆಯು ನ್ಯಾಯವಾದುದು. ಆದರೆ ಅದರ ಬಲವು ನಿಮ್ಮ ಸಂಖ್ಯೆಯಲ್ಲಿಲ್ಲ, ಅದರ ಸತ್ಯದಲ್ಲಿದೆ. ಸಂಖ್ಯೆಯನ್ನು ತೋರಿಸಿದಷ್ಟೂ ಬೆಟ್ಟದ ಜನರು ಹೆದರುವರು. ಸತ್ಯವನ್ನು ತೋರಿಸಿದರೆ ಒಪ್ಪುವರು. ಪಾಡೇರಿಗೂ ರಂಪಚೋಡವರಕ್ಕೂ ನೀವೇ ಹೋಗಿ, ಅಲ್ಲಿಯ ಹಿರಿಯರೊಡನೆ ಕುಳಿತು, ಅವರ ಅಂಶಕ್ಕೆ ಕುಂದು ಬಾರದ ಏರ್ಪಾಡನ್ನು ನಿಮ್ಮ ಮನವಿಯ ಮೊದಲ ಷರತ್ತಾಗಿ ಬರೆಯಿರಿ. ಜನಗಣತಿಯವರು ಮನೆಗೆ ಬಂದಾಗ, ಗುಳೆ ಹೋದ ಸಂಸಾರಗಳ ಲೆಕ್ಕವೂ ತಪ್ಪದಂತೆ ನೋಡಿಕೊಂಡು, ನಿಮ್ಮ ಕುಲದ ಹೆಸರನ್ನು ಎಲ್ಲೆಡೆಯಲ್ಲಿಯೂ ಒಂದೇ ರೀತಿಯಾಗಿ ಬರೆಯಿಸಿರಿ. ಗಡಿಯ ಆಚೆಯ ನಾಯಕ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ: 15 ಸ್ಥಾನಗಳಲ್ಲಿ ಒಂದೆರಡನ್ನಾದರೂ ಕಾಡಿನ ಸಣ್ಣ ಕುಲಗಳವರಿಗೆ ಬಿಟ್ಟುಕೊಟ್ಟು ಅವರನ್ನು ಗೆಲ್ಲಿಸಿದರೆ, ಈಚೆಯ ಬಂಧುಗಳ ಬೇಡಿಕೆಗೆ ಅದಕ್ಕಿಂತ ದೊಡ್ಡ ಸಮರ್ಥನೆ ಮತ್ತೊಂದಿರದು. ತನಗೆ ದೊರೆತ ಪ್ರಾತಿನಿಧ್ಯವನ್ನು ತನಗಿಂತ ಬಲಹೀನನಾದವನಿಗೂ ದೊರೆಯಿಸುವ ಸಮುದಾಯವೇ ಅದಕ್ಕೆ ನಿಜವಾದ ಅಧಿಕಾರಿಯೆಂದು ನನ್ನ ದೃಢವಾದ ನಂಬಿಕೆ.